ಕಾಲು ಊರದ ಹಾದಿ

ಕಾಲು ನೆಲಕ್ಕೆ ತಾಗಿದರೆ ತಪ್ಪು. ಹಾಗೊಂದು ಆಟವಿದೆ, ಗೆಳೆಯರೆ. ಮೋಟಾರು ಸೈಕಲ್ಲಿನ ಫುಟ್‌ರೆಸ್ಟಿನ ಮೇಲೆ ನಿಂತುಕೊಂಡು ಬಂಡೆ, ಕೊರಕಲು, ಮರದ ಬೇರು, ಕೆಸರು, ಹಳ್ಳ ದಾಟಬೇಕು. ಒಂದು ಸಲ ಕಾಲು ಊರಿದರೆ 1 ಅಂಕ ದಂಡ. ಎರಡು ಸಲಕ್ಕೆ 2. ಮೂರು ಸಲ ಊರಿದರೂ, ಅದಕ್ಕಿಂತ ಹೆಚ್ಚು ಸಲ ಊರಿದರೂ 3. ಬಿದ್ದರೆ, ಗುರುತು ಮಾಡಿದ ಹಾದಿಯಿಂದ ಹೊರಕ್ಕೆ ಹೋದರೆ 5. ಕೊನೆಗೆ ಯಾರ ದಂಡ ಕಡಿಮೆಯೋ ಅವರು ಗೆದ್ದರು. ಯಾರು ಮೊದಲು ಓಡಿ ಬಂದರು ಎಂಬ ಲೆಕ್ಕ ಇಲ್ಲಿಲ್ಲ. ಹೆಂಗಸರು ತಲೆ ಮೇಲೆ ತುಂಬಿದ ಕೊಡ ಹೊತ್ತು ನಡೆಯುವಷ್ಟು ನಿಧಾನಕ್ಕೆ, ಅಷ್ಟೇ ತೂಕದಲ್ಲಿ ಗಾಡಿಯನ್ನು ಕಲ್ಲಿನ ಮೇಲೆ ನಡೆಸಬೇಕು. ಇದಕ್ಕೆ ಟ್ರಯಲ್ಸ್ ಎನ್ನುತ್ತಾರೆ. ಪರೀಕ್ಷೆ ಎಂದೂ ಅರ್ಥ, ಕೋರ್ಟಿನ ವಿಚಾರಣೆ ಎಂದೂ ಅರ್ಥ. ನಮ್ಮಂಥವರಿಗೆ ಎರಡೂ ಹೊಸದಲ್ಲ.

ನಮ್ಮೂರಿನ ಕಾನೂನು ಇದಕ್ಕೆ ಉಲ್ಟಾ ಇತ್ತು. ಅಲ್ಲಿ ಕಾಲು ಊರದಿದ್ದರೆ ತಪ್ಪು. ಸೈಕಲ್ಲು ತುಳಿದುಕೊಂಡು ಬಂದ ನಮ್ಮ ಕೇರಿಯವರು ಊರೊಳಗಿನ ದೊಡ್ಡ ಬೀದಿಯ ತಲೆಯಲ್ಲೇ ಇಳಿಯಬೇಕು. ಎಕ್ಕಡ ಕೈಗೆ ತಗೊಂಡು, ಸೈಕಲ್ಲು ತಳ್ಳಿಕೊಂಡು, ಬೀದಿ ಮುಗಿಯುವ ತನಕ ಬರಿಗಾಲಲ್ಲಿ ನಡೆಯಬೇಕು. ಬೀದಿ ಮುಗಿದ ಮೇಲೆ ಏರಿಕೊಂಡರೆ ಯಾರ ತಕರಾರೂ ಇಲ್ಲ. ಅಸ್ಪೃಶ್ಯತೆ ಅಪರಾಧ ಅನ್ನುವ ಕಾಯಿದೆ 1955ರಲ್ಲಿ ಬಂತು. ದೌರ್ಜನ್ಯ ತಡೆ ಕಾಯಿದೆ 1989ರಲ್ಲಿ ಬಂತು. ಬರೆದ ಕಾನೂನು ಡೆಲ್ಲಿಯಲ್ಲಿತ್ತು, ಬರೆಯದ ಕಾನೂನು ಜಗಲಿ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿತ್ತು.

ನಮ್ಮ ದೊಡ್ಡಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಬೋಲ್ಟು ಬಿಗಿ ಮಾಡುವುದು, ಜಲ್ಲಿ ತುಂಬುವುದು, ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುವುದು ಅವರ ಕೆಲಸ. ಕೇರಿಯಲ್ಲಿ ತಿಂಗಳ ಸಂಬಳ ಎಣಿಸಿದ ಮೊದಲ ಮನುಷ್ಯ. 1991ರಲ್ಲಿ ಅವರು ಮೈಸೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ರೋಡ್‌ಕಿಂಗ್ ತಗೊಂಡರು. ಕೋಆಪರೇಟಿವ್ ಸಾಲ, ದೊಡ್ಡವ್ವನ ಓಲೆ, ಎರಡು ಕುರಿ, ಇಷ್ಟು ಸೇರಿ ಒಂದು ಗಾಡಿ. ಎಲ್ಲ ಬಿಟ್ಟು ಯೆಜ್ಡಿನೇ ಯಾಕೆ ಅಂತ ಕೇಳಿದರೆ, ‘ನಮ್ ಮೈಸೂರ್‌ದು ಕಣ್ರುಡಾ. ಯಾದವಗಿರೀಲಿ ನಮ್ಮಂಗೇ ಡೂಟಿ ಮಾಡೋರು ಮಾಡಿರ ಗಾಡಿ’ ಅನ್ನುತ್ತಿದ್ದರು. ಅವರು ಹೇಳಿದ್ದು ನಿಜ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೈಸೂರಿನಲ್ಲಿ ಗಾಡಿ ಮಾಡುತ್ತಿತ್ತು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಸ್ವಂತ ಹೆಸರಿನಲ್ಲಿ.

ಗಾಡಿ ತಂದ ಸಾಯಂಕಾಲವೇ ದೊಡ್ಡ ಬೀದಿಯ ತಲೆಯಲ್ಲಿ ಇಬ್ಬರು ಅಡ್ಡ ನಿಂತರು. ‘ಆಫ್ ಮಾಡ್ಬುಟ್ಟು ತಳ್ಕಂಡೋಗ್ಲಾ.’ ಬಡಿಯಲಿಲ್ಲ, ಬಯ್ಯಲಿಲ್ಲ. ಮಳೆ ಬರ್ತದೆ ಛತ್ರಿ ಹಿಡಿ ಅಂದ ಹಾಗೆ ಅಂದರು. ದೊಡ್ಡಪ್ಪ ಆಫ್ ಮಾಡಲಿಲ್ಲ. ಎದುರು ಮಾತೂ ಆಡಲಿಲ್ಲ. ಗಾಡಿ ತಿರುಗಿಸಿ, ಕೆರೆ ಏರಿ ಮೇಲೆ ಹೋಗಿ, ಊರಿಗೆ ಸುತ್ತು ಹಾಕಿ, ಕೇರಿಯ ಬೆನ್ನಿಗಿರುವ ಬಂಡೆಯ ಬುಡಕ್ಕೆ ಬಂದರು. ಆ ಬಂಡೆ ದಾಟಿದರೆ ನಮ್ಮ ಹಿತ್ತಲು. ಅದು ನಮ್ಮ ತಾತಂದಿರು ಉಳಿ ಹೊಡೆದು ಚಪ್ಪಡಿ ಎಬ್ಬಿಸಿದ ಬಂಡೆ. ಎಲ್ಲಿ ಕಲ್ಲು ತೆಗೆದಿದ್ದರೋ ಅಲ್ಲಿ ಮೊಣಕಾಲೆತ್ತರದ ಮೆಟ್ಟಿಲು ಬಿದ್ದಿತ್ತು. ಒಂದು, ಎರಡು, ಮೂರು. ನಡುವೆ ನೀರು ಹರಿದ ನುಣುಪು, ಪಕ್ಕದಲ್ಲಿ ಒಂದು ಆಳದ ಸೀಳು. ಅವತ್ತು ರಾತ್ರಿ ಕೇರಿಯ ಗಂಡಸರೆಲ್ಲ ಸೇರಿ ಗಾಡಿ ಎತ್ತಿ ದಾಟಿಸಿದರು. ಮಾರನೆ ದಿನದಿಂದ ದೊಡ್ಡಪ್ಪ ಕಲಿಯಲು ಶುರುಮಾಡಿದರು. ಬಿದ್ದರು. ಹಲ್ಲೊಂದು ಮುರಿಯಿತು. ಮೆಟ್ಟಿಲಿನ ಬುಡಕ್ಕೆ ಕಲ್ಲು ಜೋಡಿಸಿದರು, ಮಳೆಗೆ ಅದು ಕೊಚ್ಚಿಹೋಯಿತು, ಮತ್ತೆ ಜೋಡಿಸಿದರು. ಎರಡು ತಿಂಗಳಾದ ಮೇಲೆ ಒಂದು ಸಂಜೆ, ಕಾಲು ಊರದೆ, ಬುಡದಿಂದ ಹಿತ್ತಲಿನ ತನಕ ಬಂದರಂತೆ. ಡ್ಯೂಟಿ ಇದ್ದಷ್ಟು ವರ್ಷವೂ ಅದೇ ಹಾದಿ.

ಇದು ಶೌರ್ಯವೋ, ತಪ್ಪಿಸಿಕೊಂಡು ಓಡಾಡಿದ್ದೋ? ನಮ್ಮ ನಡುವೆ ಈ ಜಗಳ ಇವತ್ತಿಗೂ ಹರಿದಿಲ್ಲ. ಬೀದಿಯಲ್ಲೇ ಹೋಗಬೇಕಿತ್ತು, ಆದದ್ದು ಆಗಲಿ ಅನ್ನುವವರು ನಮ್ಮಲ್ಲೇ ಇದ್ದಾರೆ. ಕೂತಲ್ಲಿಂದ ಹಾಗೆ ಹೇಳುವುದು ಸುಲಭ. 1991ರಲ್ಲಿ ಕೇರಿಗೆ ಇದ್ದದ್ದು ಒಂದೇ ಬಾವಿ, ಕೂಲಿ ಕೊಡುತ್ತಿದ್ದವರು ಅದೇ ಬೀದಿಯವರು. ಅಪ್ಪನನ್ನು ಕೇಳಿದರೆ, ‘ಅವುನ್ಗೆ ಹೆದ್ರಿಕೇನೂ ಇತ್ತು, ಕೊಬ್ಬೂ ಇತ್ತು ಕಣ್ರಪ್ಪ’ ಅನ್ನುತ್ತಾರೆ. ಬಂಡಾಯ ಅಂದರೆ ಎದೆ ಸೆಟೆದು ನಿಂತ ಚಿತ್ರವೊಂದೇ ನಮ್ಮ ಕವಿತೆಗಳಲ್ಲಿ ಬರುತ್ತದೆ. ಇಳಿಯಲಾರೆ, ಹೊಡೆದಾಡಲೂ ಆರೆ ಎಂದು ಬಂಡೆ ಹತ್ತಿದವನಿಗೆ ಆ ಕವಿತೆಗಳಲ್ಲಿ ಜಾಗ ಎಲ್ಲಿ?

ನಾವು ಅಂದರೆ ಮೂವರು. ಐ.ಟಿ.ಐ. ಮಾಡಿ ಕಾರ್ಖಾನೆಯಲ್ಲಿ ಕಂತ್ರಾಟು ಕೆಲಸ ಮಾಡುವ ದೊಡ್ಡಪ್ಪನ ಮಗ, ಬಿ.ಎಡ್. ಮುಗಿಸಿ ಕಾಯುತ್ತಿರುವ ತಂಗಿ, ಎಂ.ಎ. ಮಾಡಿ ಕವಿತೆ ಬರೆಯುವ ಚಟ ಅಂಟಿಸಿಕೊಂಡ ಇನ್ನೊಬ್ಬ. ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ನಾವೇ. ಅದಕ್ಕೂ ಮೊದಲು ಹತ್ತಿದ್ದು ಆ ಬಂಡೆಯ ಮೆಟ್ಟಿಲು. ಹನ್ನೆರಡು, ಹದಿಮೂರು ವರ್ಷಕ್ಕೆಲ್ಲ ದೊಡ್ಡಪ್ಪ ನಮ್ಮನ್ನು ಗಾಡಿಗೆ ಹತ್ತಿಸಿದರು. ಲೈಸೆನ್ಸು ಕೇಳಲು ಬಂಡೆ ಮೇಲೆ ಯಾವ ಪೊಲೀಸು ಬರುತ್ತಾನೆ! ‘ಕಲ್ ನೋಡ್ಬ್ಯಾಡ, ಕಲ್ ಆದ್ಮೇಲ್ ಎಲ್ಲಿಗೋಯ್ತಿಯೋ ಅಲ್ಲಿ ನೋಡು’ ಎಂಬುದು ಅವರ ಪಾಠ. ಮೆಟ್ಟಿಲಿಗೆ ಮುಂದಿನ ಚಕ್ರ ತಾಗುವ ಒಂದು ಗಳಿಗೆ ಮೊದಲು ಮೈಯನ್ನು ಹಿಂದಕ್ಕೆ ಎಳೆದು ಹ್ಯಾಂಡಲ್ಲು ಹಗುರ ಮಾಡಬೇಕು, ಚಕ್ರ ಹತ್ತಿದ ಕೂಡಲೆ ಮೈ ಮುಂದಕ್ಕೆ ಒರಗಿಸಿ ಹಿಂದಿನ ಚಕ್ರಕ್ಕೆ ಬಿಡುವು ಕೊಡಬೇಕು. ಯಾವ ಪುಸ್ತಕವನ್ನೂ ಓದದೆ ಅವರು ಇದನ್ನೆಲ್ಲ ಮೈಯಲ್ಲಿ ಬರೆದುಕೊಂಡಿದ್ದರು.

2015ರಲ್ಲಿ ದೊಡ್ಡಪ್ಪ ತೀರಿಕೊಂಡರು. ಮರುವರ್ಷ ಬೇಸಿಗೆಯಲ್ಲಿ ಎರಡನೆ ಮೆಟ್ಟಿಲಿನ ಮೇಲೆ ಇಂಜಿನ್ನು ಕೀರಲು ಸದ್ದು ಮಾಡಿ ಕಚ್ಚಿಕೊಂಡಿತು. ಅದು ಕಾಲೇಜು ಫೀಸು ಕಟ್ಟುವ ವರ್ಷ. ಗಾಡಿ ಹಟ್ಟಿಯ ಪಕ್ಕದ ಸೋಗೆ ಮಾಡಿನ ಕೆಳಗೆ ಹೋಯಿತು. ನಾವು ಹಾಸ್ಟೆಲ್ಲಿಗೆ ಹೋದೆವು.

ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಗೆಳೆಯನ ಮೊಬೈಲಿನಲ್ಲಿ ನಮ್ಮ ಬಂಡೆಯ ಆಟವನ್ನು ಬಿಳಿಯರು ಆಡುತ್ತಿದ್ದರು! ಸ್ಕಾಟ್ಲೆಂಡಿನ ಯಾವುದೋ ಗುಡ್ಡ, ಹರಿಯುವ ತೊರೆ, ಪಾಚಿಗಟ್ಟಿದ ಕಲ್ಲು. ಗಾಡಿಯ ಮೇಲೆ ನಿಂತವರು ನಮ್ಮ ದೊಡ್ಡಪ್ಪನ ಹಾಗೆಯೇ ಮೈ ಹಿಂದಕ್ಕೆ ಎಳೆದು ಮುಂದಕ್ಕೆ ಒರಗುತ್ತಿದ್ದರು. ಪಕ್ಕದಲ್ಲಿ ಒಬ್ಬ ಚೀಟಿ ಹಿಡಿದು ಕಾಲು ಎಣಿಸುತ್ತ ನಿಂತಿದ್ದ. ಆಮೇಲೆ ಹುಡುಕಿ ಓದಿದೆವು. ಸ್ಕಾಟ್ಲೆಂಡಿನಲ್ಲಿ ಆರು ದಿನದ ಟ್ರಯಲ್ಸ್ 1909ರಷ್ಟು ಹಿಂದೆಯೇ ಶುರುವಾದದ್ದು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ 1914ರಲ್ಲಿ ಆಲ್ಫ್ರೆಡ್ ಸ್ಕಾಟ್ ಎಂಬ ಮೋಟಾರು ಸೈಕಲ್ ಕಾರ್ಖಾನೆಯ ಮಾಲೀಕ ತನ್ನ ಕೆಲಸಗಾರರಿಗೆ, ನೀವು ಮಾಡಿದ ಗಾಡಿಯನ್ನು ನೀವೇ ಕಲ್ಲುಗುಡ್ಡದ ಮೇಲೆ ಓಡಿಸಿ ತೋರಿಸಿ ಎಂದು ಸವಾಲು ಹಾಕಿದ. ಸ್ಕಾಟ್ ಟ್ರಯಲ್ ಹುಟ್ಟಿದ್ದು ಹಾಗೆ. ಮಾಲೀಕನ ಹೆಸರು ಆಟಕ್ಕೆ ಉಳಿಯಿತು, ಓಡಿಸಿದವರ ಹೆಸರು ಹುಡುಕಬೇಕು. ಇರಲಿ. ದುಡಿಯುವವರು ತಾವು ಮಾಡಿದ್ದನ್ನು ತಾವೇ ಏರಿ ಹೋದ ಆ ಒಂದು ದಿನ ನಮಗೆ ಹಿಡಿಸಿತು.

ಈ ಆಟದ ಚರಿತ್ರೆಯಲ್ಲಿ ಒಂದು ದೊಡ್ಡ ಹೆಸರು ಸ್ಯಾಮಿ ಮಿಲ್ಲರ್. ಬೆಲ್‌ಫಾಸ್ಟಿನವನು. 500 ಸಿ.ಸಿ.ಯ ಏರಿಯಲ್ ಎಂಬ ಭಾರದ ಗಾಡಿಯನ್ನು ಕೊಯ್ದು, ಕೆರೆದು, ತೂಕ ಇಳಿಸಿಕೊಂಡು ಸ್ಕಾಟ್ಲೆಂಡಿನ ಆರು ದಿನದ ಪಂದ್ಯವನ್ನು 1962ರಲ್ಲೂ 1964ರಲ್ಲೂ ಗೆದ್ದ. ಆಮೇಲೆ ಸ್ಪೇನಿನ ಬುಲ್ತಾಕೊ ಕಾರ್ಖಾನೆಗೆ ಹೋಗಿ, ಅಲ್ಲಿದ್ದ ಸಣ್ಣ ಟೂ ಸ್ಟ್ರೋಕ್ ಗಾಡಿಯನ್ನು ಕತ್ತರಿಸಿ ಬೆಸೆದು ಹೊಸದೊಂದನ್ನು ಕಟ್ಟಿದ. 1965ರಲ್ಲಿ ಅದರ ಮೇಲೂ ಗೆದ್ದ. ಭಾರದ ಫೋರ್ ಸ್ಟ್ರೋಕುಗಳ ಕಾಲ ಅಲ್ಲಿಗೆ ಮುಗಿಯಿತು. ಆ ಹೊಸ ಗಾಡಿಯ ಹೆಸರು ಶೆರ್ಪಾ. ಹಿಮಾಲಯದಲ್ಲಿ ದೊರೆಗಳ ಮೂಟೆ ಹೊತ್ತು ಶಿಖರ ಮುಟ್ಟಿಸಿದವರ ಹೆಸರು ಸ್ಪೇನಿನ ಮೋಟಾರು ಸೈಕಲ್ಲಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು ನೋಡಿ! ಈಗ ಆ ದೇಶಗಳಲ್ಲಿ ಇಂಥ ಹಳೆಯ ಗಾಡಿಗಳಿಗೆ, ಹಿಂದೆ ಎರಡು ಶಾಕ್ ಅಬ್ಸಾರ್ಬರು ಇರುವವಕ್ಕೆ, ಬೇರೆಯೇ ಪಂದ್ಯಗಳಿವೆ. ಮದುವೆ, ಮಕ್ಕಳು, ಕೆಲಸ ಅಂತ ಆಟ ಬಿಟ್ಟವರು ಶೆಡ್ಡಿನಲ್ಲಿ ಬಿದ್ದ ಹಳೆ ಶೆರ್ಪಾ, ಹಳೆ ಮೊಂಟೆಸಾ ಎಬ್ಬಿಸಿ, ಮೂಳೆಯಿಂದ ಮೂಳೆಗೆ ಕಟ್ಟಿ, ಅದರ ಜೊತೆಗೇ ಆಟಕ್ಕೆ ವಾಪಸು ಬರುತ್ತಾರೆ. ಹೊಸ ಗಾಡಿಗೆ ಆಗುವ ದುಡ್ಡು ಎಲ್ಲರಲ್ಲೂ ಇರುವುದಿಲ್ಲ. ಸ್ವಂತ ಕೈಯಿಂದ ಕಟ್ಟಿದ್ದು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದೂ ಗೊತ್ತಿರುತ್ತದೆ.

ನಮಗೆ ಸೋಗೆ ಮಾಡಿನ ಕೆಳಗಿನ ಗಾಡಿ ಆಗ ನೆನಪಿಗೆ ಬಂತು ಅಂದರೆ ಸುಳ್ಳು. ನೆನಪು ಯಾವತ್ತೂ ಇತ್ತು. ದುಡ್ಡಿರಲಿಲ್ಲ.

2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಿಂದ ಒಂದು ಸುದ್ದಿ ಬಂತು. ಕಾಲೇಜಿನಲ್ಲಿ ಓದುವ ದಲಿತ ಹುಡುಗ ಬುಲೆಟ್ ಓಡಿಸಿಕೊಂಡು ಮನೆಗೆ ಬರುತ್ತಿದ್ದ. ನಿಮ್ಮಂಥವರಿಗೆ ಬುಲೆಟ್ ಯಾಕೆ ಎಂದು ಅವನ ಕೈಗೆ ಕತ್ತಿ ಬೀಸಿದರು ಎಂಬುದು ದೂರು. ಕಾಲಿಗಲ್ಲ, ಆಕ್ಸಿಲರೇಟರು ತಿರುಗಿಸುವ ಕೈಗೆ. ಆ ಸುದ್ದಿ ಓದಿದ ದಿನ ನಮ್ಮ ಮೂವರಲ್ಲಿ ಯಾರೂ ಕವಿತೆ ಗಿವಿತೆ ಅನ್ನಲಿಲ್ಲ. ಮುಂದಿನ ಭಾನುವಾರ ಸೋಗೆ ಸರಿಸಿ ಗಾಡಿ ಹೊರಗೆ ಎಳೆದೆವು.

ಒಂಬತ್ತು ವರ್ಷ ಮಳೆ ಗಾಳಿ ತಿಂದ ಗಾಡಿ. ಸೀಟಿನಲ್ಲಿ ಇಲಿ ಮರಿ ಹಾಕಿತ್ತು. ಟ್ಯಾಂಕಿನ ತಳ ಜರಡಿಯಾಗಿತ್ತು. ಟೈರು ಮುಟ್ಟಿದರೆ ಒಣರೊಟ್ಟಿಯ ಹಾಗೆ ಮುರಿಯುತ್ತಿತ್ತು. ಅವ್ವ ನೋಡಿ, ‘ಎಮ್ಮೆ ಮಾಡ್ಕಂಡು ಗುಜ್ರಿ ತಿಕ್ಕಕ್ ಕೂತವ್ರೆ’ ಎಂದು ಹಣೆ ಚಚ್ಚಿಕೊಂಡಳು. ಅವ್ವನ ಬಾಯಲ್ಲಿ ಎಂ.ಎ. ಯಾವತ್ತೂ ಎಮ್ಮೆಯೇ. ಎಮ್ಮೆಯಾಗಿದ್ದರೆ ಹಾಲಾದರೂ ಕೊಡುತ್ತಿತ್ತು ಎಂದೂ ಸೇರಿಸುತ್ತಾಳೆ.

ಮೊದಲ ಕೆಲಸ ಕಚ್ಚಿಕೊಂಡ ಪಿಸ್ಟನ್ನು ಬಿಡಿಸುವುದು. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ಲು ಸುರಿದು ಬಿಟ್ಟೆವು. ವಾರವಾದರೂ ಅಲ್ಲಾಡಲಿಲ್ಲ. ಇನ್ನೊಂದು ವಾರ. ಹೆಡ್ಡು ಬಿಚ್ಚಿ, ಪಿಸ್ಟನ್ನಿನ ನೆತ್ತಿಯ ಮೇಲೆ ಹಲಸಿನ ಮರದ ತುಂಡು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕೂತೆವು. ಜೋರಾಗಿ ಹೊಡೆದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಮೂರನೆ ವಾರ ಒಂದು ಕೂದಲೆಳೆ ಕೆಳಗಿಳಿಯಿತು. ಅವತ್ತು ಕೇರಿಗೆಲ್ಲ ಕಾಪಿ ಕೊಟ್ಟೆವು.

ಆಮೇಲಿನ ಕೆಲಸ ನಮ್ಮ ಕೈಮೀರಿದ್ದು. ಇಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಮೈಸೂರಿಗೆ ಒಯ್ದೆವು. ಕಂಡಕ್ಟರು ಲಗೇಜು ಹರಿದ, ನ್ಯಾಯವೇ. ಮೈಸೂರಿನಲ್ಲಿ ಒಬ್ಬರು ಮೆಕ್ಯಾನಿಕ್ ಭಾಯ್ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ. ಯೆಜ್ಡಿ ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ. ಗೋಣಿ ಬಿಚ್ಚಿ, ಬೆರಳಿನಿಂದ ಬೋರಿನ ಗೋಡೆ ಸವರಿ, ‘ಇದು ಗಾಳಿ ಕುಡಿದು ಸತ್ತಿರೋ ಇಂಜನ್ ಕಣಪ್ಪ’ ಎಂದರು.

ಗಾಳಿ ಕುಡಿದು ಸಾಯುವುದು ಅಂದರೇನು ಎಂಬುದನ್ನು ಇಲ್ಲಿ ಹೇಳಲೇಬೇಕು, ಹಳ್ಳಿ ಶಾಲೆಯ ವಿಜ್ಞಾನದ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಬಹುದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು ಬೆರೆತ ಗಾಳಿ ಸೀದಾ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗಿನ ಹೊಟ್ಟೆಗೆ, ಕ್ರ್ಯಾಂಕು ತಿರುಗುವ ಜಾಗಕ್ಕೆ ಬರುತ್ತದೆ. ಪಿಸ್ಟನ್ನು ಕೆಳಗೆ ಬಂದಾಗ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ಹೊಟ್ಟೆ ಬಿಗಿಯಾಗಿ ಮುಚ್ಚಿರಬೇಕು. ಕ್ರ್ಯಾಂಕಿನ ಎರಡು ತುದಿಗೂ ಎರಡು ರಬ್ಬರು ಸೀಲು ಇರುತ್ತವೆ. ಒಂದು ಕಡೆಯ ಸೀಲು ಸವೆದರೆ ಕ್ಲಚ್ಚಿನ ಕಡೆಯ ಆಯಿಲ್ಲನ್ನು ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ. ಇನ್ನೊಂದು ಕಡೆಯದು ಸವೆದರೆ ಹೊರಗಿನ ಗಾಳಿ ಎಳೆಯುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಕಡಿಮೆ, ಅದರಲ್ಲಿ ಕಲಸಿದ ಆಯಿಲ್ಲೂ ಕಡಿಮೆ. ಇಂಜಿನ್ನು ಕಾದು ಕಾದು ಪಿಸ್ಟನ್ನು ಹಿಗ್ಗಿ ಬೋರಿಗೆ ಅಂಟಿಕೊಳ್ಳುತ್ತದೆ. ನಮ್ಮ ಗಾಡಿಯ ಪ್ರಾಣ ಹೋದದ್ದು ಅಂಗೈಯಷ್ಟೂ ಅಗಲವಿಲ್ಲದ ಒಂದು ರಬ್ಬರು ಬಳೆಯಿಂದ.

ಭಾಯ್ ಕ್ರ್ಯಾಂಕು ಬಿಚ್ಚಿಸಿ, ಹೊಸ ರಾಡು, ಹೊಸ ಬೇರಿಂಗು ಕೂರಿಸಿ, ಪ್ರೆಸ್ಸಿನಲ್ಲಿ ಒತ್ತಿಸಿ, ನೆಟ್ಟಗಿದೆಯೋ ಇಲ್ಲವೋ ಎಂದು ಡಯಲ್ಲು ಇಟ್ಟು ನೋಡಿದರು. ಲೇತಿನವರು ಬೋರು ಕೊರೆದು ದಪ್ಪ ಪಿಸ್ಟನ್ನಿಗೆ ಜಾಗ ಮಾಡಿದರು. ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಒಂದು ರಾತ್ರಿ ಆಯಿಲ್ಲಿನಲ್ಲಿ ನೆನೆಸಿಟ್ಟರು, ಬಾಣಂತಿಗೆ ಮೆಂತ್ಯ ನೆನೆಸಿದ ಹಾಗೆ. ಪಾಯಿಂಟು, ಕಂಡೆನ್ಸರು, ಕಾಯಿಲು ಹೊಸದು. ಕೆಲಸ ಮಾಡುತ್ತ ಅವರು ನಮ್ಮ ಕೈಗೂ ಸ್ಪ್ಯಾನರು ಕೊಟ್ಟರು. ಜಾತಿ ಕೇಳಲಿಲ್ಲ, ಕೇಳಿದ್ದು ‘ಹತ್ನೇ ನಂಬ್ರು ಯಾವ್ದು ಗೊತ್ತೇನಪ್ಪ?’ ಎಂದು ಮಾತ್ರ. ಮಜೂರಿ ಎಷ್ಟು ಕೊಡಬೇಕು ಭಾಯ್ ಎಂದರೆ, ಓಡಲಿ ಆಮೇಲೆ ನೋಡೋಣ ಎಂದರು. ಒಟ್ಟು ಖರ್ಚು 29,000 ರೂಪಾಯಿ. ಅದರಲ್ಲಿ ಅತಿಥಿ ಉಪನ್ಯಾಸದ ಸಂಬಳದ ಪಾಲು ಇದೆ, ಕಂತ್ರಾಟಿನ ಓಟಿ ಇದೆ, ತಂಗಿಯ ಟ್ಯೂಶನ್ ಕಾಸೂ ಇದೆ.

ಯೆಜ್ಡಿ ಮಾಡಿದ ಕಾರ್ಖಾನೆ 1996ರಲ್ಲಿ ಮುಚ್ಚಿತು. 1980ರ ದಶಕದಲ್ಲಿ ಜಪಾನಿನ ಕೂಡುವಳಿಯಿಂದ ಬಂದ 100 ಸಿ.ಸಿ.ಯ ಹಗುರ ಗಾಡಿಗಳು ಮಾರುಕಟ್ಟೆ ತಿಂದವು, ಹೊಗೆಯ ಕಾನೂನೂ ಬಿಗಿಯಾಯಿತು. ಅತ್ತ ಸ್ಪೇನಿನ ಬುಲ್ತಾಕೊ ಕೂಡ ಮುಷ್ಕರ, ಸಾಲಗಳ ನಡುವೆ ಕುಸಿದು 1980ರ ದಶಕದ ಮೊದಲಲ್ಲೇ ಬಾಗಿಲು ಹಾಕಿತ್ತು. ಎರಡೂ ಊರಿನಲ್ಲಿ ಕೆಲಸಗಾರರು ಮನೆಗೆ ಹೋದರು. ಅವರು ಮಾಡಿದ ಗಾಡಿಗಳು ಮಾತ್ರ ಇನ್ನೂ ಸಾಯಲೊಲ್ಲವು. ಹೆಸರಿಗೂ ಸಾವಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬೇರೆ ಕಂಪನಿಯಿಂದ, ಬೇರೆ ಊರಿನಿಂದ ಬಂದವು.

ಪ್ರತಿ ಜುಲೈ ತಿಂಗಳ ಎರಡನೆ ಭಾನುವಾರ ಜಾವಾ-ಯೆಜ್ಡಿ ದಿನ ಮಾಡುತ್ತಾರೆ. ಬಿಡಿಭಾಗ ಸಿಗಬಹುದು ಎಂದು ನಾವೂ ಹೋಗಿದ್ದೆವು. ಕನ್ನಡಿಯಂಥ ಕ್ರೋಮು, ಹಣೆಗೆ ಕುಂಕುಮ ಇಟ್ಟ ಹಾಗೆ ಟ್ಯಾಂಕಿನ ಮೇಲೆ ಬಂಗಾರದ ಗೆರೆ. ಒಬ್ಬರು ನಮ್ಮ ಮೊಬೈಲಿನ ಫೋಟೋ ನೋಡಿ, ‘ಅಯ್ಯೋ, ಒರಿಜಿನಲ್ ಸೈಲೆನ್ಸರ್ ಕಟ್ ಮಾಡ್ಬಿಟ್ರಾ? ಹಾಳು ಮಾಡಿದ್ರಲ್ಲ’ ಎಂದು ನಿಜವಾಗಿಯೇ ನೊಂದರು. ಅವರದು ತಂದೆ ಆಫೀಸಿಗೆ ಹೋಗುತ್ತಿದ್ದ ಗಾಡಿಯ ನೆನಪು, ಅದನ್ನು ಹಾಗೇ ಇಡಬೇಕು ಎಂಬ ಆಸೆ. ತಪ್ಪೇನಿಲ್ಲ. ನಮ್ಮ ಗಾಡಿ ಹಾಗೇ ಇದ್ದರೆ ಬಂಡೆ ಹತ್ತುವುದಿಲ್ಲ.

ಯೆಜ್ಡಿಗೆ ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಎರಡೂ ನೆಲದ ಹತ್ತಿರ. ಮೆಟ್ಟಿಲಿನ ಅಂಚಿಗೆ ಮೊದಲು ತಾಗುವುದೇ ಅವು. ದೊಡ್ಡಪ್ಪನ ಕಾಲದಲ್ಲಿ ಅವು ಸೊಟ್ಟಂಪಟ್ಟ ಆಗುತ್ತಲೇ ಇದ್ದವು. ನಾವು ಗ್ಯಾಸ್ ವೆಲ್ಡಿಂಗಿನವನ ಹತ್ತಿರ ಎರಡನ್ನೂ ಕತ್ತರಿಸಿ ಮೇಲಕ್ಕೆ ಬಗ್ಗಿಸಿದೆವು. ಫುಟ್‌ರೆಸ್ಟನ್ನು ಒಂದು ಗೇಣು ಹಿಂದಕ್ಕೆ ಇಟ್ಟೆವು, ನಿಂತರೆ ತೂಕ ಹಿಂದಿನ ಚಕ್ರದ ಮೇಲೆ ಬೀಳಲಿ ಎಂದು. ಸೀಟಿನ ಅರ್ಧ ಹೋಯಿತು, ದೊಡ್ಡ ಮಡ್‌ಗಾರ್ಡೂ ಹೋಯಿತು. ಹಿಂದಿನ ಸ್ಪ್ರಾಕೆಟ್ಟು ದೊಡ್ಡದು ಹಾಕಿದೆವು. ಚಕ್ರದ ಗಾಳಿ ಹನ್ನೆರಡು ಪೌಂಡಿಗೆ ಇಳಿಸಿದೆವು, ಟೈರು ಕಲ್ಲನ್ನು ಅಪ್ಪಿಕೊಳ್ಳಬೇಕಲ್ಲ. ಶೆರ್ಪಾ 100 ಕೆ.ಜಿ. ಒಳಗಿನ ಗಾಡಿ, ನಮ್ಮದು ಅಂಗಡಿಯಿಂದ ಬರುವಾಗಲೇ 130 ಕೆ.ಜಿ.ಗೂ ಮೇಲು. ಎಷ್ಟು ಕೊಯ್ದರೂ ಎಮ್ಮೆ ಎಮ್ಮೆಯೇ. ಆದರೆ ಒಂದು ಗುಣವಿದೆ. ಬೋರು 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಓಟ ಉದ್ದವಾದ್ದರಿಂದ ನಿಧಾನದಲ್ಲೂ ಎಳೆಯುತ್ತದೆ. ಬೆಟ್ಟ ಹತ್ತುವ ಎತ್ತಿನ ಹಾಗೆ ಒಂದೊಂದೇ ಏಟು. ಬಂಡೆಗೆ ಬೇಕಾದ್ದು ಅದೇ. ಕಿಕ್ ಹೊಡೆಯುವ ಲಿವರನ್ನೇ ಒಳಗೊತ್ತಿ ಬಿಟ್ಟರೆ ಅದೇ ಗೇರು ಲಿವರು. ಗೇರು ಒತ್ತಿದಾಗ ಕ್ಲಚ್ಚು ತಾನೇ ಬಿಡುತ್ತದೆ. ಈ ಹಳೆ ಉಪಾಯಕ್ಕೆ ನಾವಿನ್ನೂ ಬೆರಗಾಗುತ್ತೇವೆ. ಟೈಮಿಂಗು ತಪ್ಪಿದ್ದರೆ ಕಿಕ್ಕು ತಿರುಗಿ ಒದೆಯುತ್ತದೆ, ಆ ಬೆರಗು ಮೊಣಕಾಲ ಕೆಳಗೆ ಬೋರೆಯಾಗಿ ಉಳಿಯುತ್ತದೆ.

ಆರ್.ಸಿ. ಬುಕ್ಕು ದೊಡ್ಡಪ್ಪನ ಹೆಸರಿನಲ್ಲೇ ಇತ್ತು. ಅದನ್ನು ದೊಡ್ಡವ್ವ ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ನಮ್ಮ ಮನೆತನದಲ್ಲಿ ಯಾರದೇ ಹೆಸರಿನ ಮುಂದೆ ಮಾಲೀಕರು ಎಂದು ಸರ್ಕಾರ ಅಚ್ಚು ಹಾಕಿಸಿದ ಮೊದಲ ಕಾಗದ ಅದು. ಪಹಣಿಯಲ್ಲಿ ನಮ್ಮ ಹೆಸರಿಲ್ಲ. ಕಚೇರಿಯೊಂದರಲ್ಲಿ ಹೆಸರು ಬದಲಾವಣೆಗೆ, ರಿನ್ಯೂವಲ್ಲಿಗೆ ನಾಲ್ಕು ಸಲ ಅಲೆದೆವು. ವಾರಸು ಪತ್ರ, ಮರಣ ಪತ್ರ, ಎನ್.ಓ.ಸಿ. ‘ಗುಜರಿಗೆ ಹಾಕ್ರೀ, ಯಾಕ್ ಒದ್ದಾಡ್ತೀರಿ’ ಎಂದರು ಕಿಟಕಿಯ ಆಚೆಯವರು. ದೊಡ್ಡವ್ವ ಅವತ್ತು ನಮ್ಮ ಜೊತೆಗಿದ್ದಳು. ‘ನಿಮ್ ಯಜಮಾನ್ರ ಎಸ್ರು ಇರ ಕಾಗ್ದ ನೀವು ಗುಜ್ರಿಗಾಕ್ತೀರಾ ಸಾಮಿ?’ ಎಂದಳು. ಕಿಟಕಿ ಸುಮ್ಮನಾಯಿತು. ಐದನೆ ಸಲಕ್ಕೆ ಕೆಲಸ ಆಯಿತು. ಈಗ ಆರ್.ಸಿ. ದೊಡ್ಡವ್ವನ ಹೆಸರಿನಲ್ಲಿದೆ. ಸೈಲೆನ್ಸರಿಗೆ ಕತ್ತರಿ ಹಾಕಿದ ಮೇಲೆ ಅದು ರಸ್ತೆಗಿಂತ ಬಂಡೆಗೇ ಸೇರಿದ ಗಾಡಿ, ಆದರೂ ಆ ಕಾಗದ ಬೇಕಿತ್ತು.

ದೀಪಾವಳಿಗೆ ಮೊದಲ ವಾರ ಗಾಡಿ ಸ್ಟಾರ್ಟಾಯಿತು. ಹನ್ನೊಂದನೆ ಕಿಕ್ಕಿಗೆ. ಆ ಸದ್ದು, ಆ ನೀಲಿ ಹೊಗೆ! ಕೇರಿಯ ಮುದುಕರು ಮನೆಯಿಂದ ಹೊರಗೆ ಬಂದರು. ಅವರಿಗೆ ಯಾರು ಬಂದರು ಎಂದು ಯಾರೂ ಹೇಳಬೇಕಿರಲಿಲ್ಲ.

ಕತ್ತರಿಸುವ ಮೊದಲೇ ಒಂದು ಮಾತಾಗಿತ್ತು: ಮೊದಲ ದಿನ ದೊಡ್ಡ ಬೀದಿಯಲ್ಲೇ ಹೋಗಬೇಕು. ಹೋದೆವು, ಮೂವರೂ, ಒಂದೇ ಗಾಡಿಯಲ್ಲಿ, ಅರ್ಧ ಸೀಟಿನಲ್ಲಿ. ಬೀದಿಗೆ ಕಾಂಕ್ರೀಟು ಬಿದ್ದು ವರ್ಷಗಳಾಗಿವೆ. ಯಾರೂ ಅಡ್ಡ ನಿಲ್ಲಲಿಲ್ಲ. ಕಾಲ ಬದಲಾಗಿದೆ ಎಂದು ಬರೆದುಬಿಡಬಹುದು. ಆದರೆ ಆ ಬೀದಿಯ ಹೋಟೆಲಿನಲ್ಲಿ ನಮಗೆ ಪೇಪರ್ ಲೋಟ, ಮಿಕ್ಕವರಿಗೆ ಗಾಜಿನ ಲೋಟ ಎಂಬುದು ಇನ್ನೂ ಇದೆ. ಪೇಪರ್ ಲೋಟವನ್ನು ಸ್ವಚ್ಛತೆ ಅನ್ನುತ್ತಾರೆ. ಜಗಲಿಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು, ‘ಅದು ಗ್ಯಾಂಗ್‌ಮನ್ನನ ಗಾಡಿ ಅಲ್ವೇನ್ರಯ್ಯಾ?’ ಎಂದರು. 1991ರಲ್ಲಿ ಅಡ್ಡ ನಿಂತ ಇಬ್ಬರಲ್ಲಿ ಒಬ್ಬರು ಎಂದು ಅಪ್ಪ ಆಮೇಲೆ ಹೇಳಿದರು. ನಾವು ಹೌದು ಎಂದೆವು, ಮುಂದಕ್ಕೆ ಹೋದೆವು. ಅವರ ಗಂಟಲಿನಲ್ಲಿ ಏನಿತ್ತೋ, ಗಾಡಿಯ ಸದ್ದಿನಲ್ಲಿ ತಿಳಿಯಲಿಲ್ಲ.

ಬಂಡೆಯದು ಬೇರೆ ಕತೆ. ಒಂದು ಮಗ್ಗುಲನ್ನು ಕ್ರಷರಿನವರಿಗೆ ಗುತ್ತಿಗೆ ಕೊಟ್ಟು, ಮದ್ದಿಟ್ಟು ಸಿಡಿಸಿ, ದೊಡ್ಡಪ್ಪನ ಮೂರನೆ ಮೆಟ್ಟಿಲು ಜಲ್ಲಿಯಾಗಿ ಯಾವುದೋ ರಸ್ತೆಯ ಅಡಿಗೆ ಸೇರಿದೆ. ಅಲ್ಲೀಗ ಎದೆಯೆತ್ತರದ ಗೋಡೆ. ಸುತ್ತಿಕೊಂಡು ಸೀಳಿನ ಪಕ್ಕದಿಂದ ಹೊಸ ಹಾದಿ ಹುಡುಕಬೇಕಾಯಿತು. ಭಾನುವಾರ ಬೆಳಿಗ್ಗೆ ಕೇರಿಯ ಹುಡುಗ ಹುಡುಗಿಯರೆಲ್ಲ ಬರುತ್ತಾರೆ. ಸುಣ್ಣದಲ್ಲಿ ಗೆರೆ ಹಾಕಿ, ಆರು ತುಂಡು ಮಾಡಿದ್ದೇವೆ. ಅಂಕ ಬರೆಯುವವನು ಏಳನೆ ಕ್ಲಾಸಿನ ಹುಡುಗ, ಹಳೆ ಹಾಜರಿ ಪುಸ್ತಕದಲ್ಲಿ. ಸುಳ್ಳು ಬರೆಯುವುದಿಲ್ಲ, ಅಣ್ಣ ಅಕ್ಕ ಎಂದು ಬಿಡುವುದೂ ಇಲ್ಲ. ‘ಅಣ್ಣೋ, ಎಡಗಾಲು ಊರ್ದೆ ಕಣಣ್ಣೋ, ನಾನ್ ನೋಡ್ದೆ’ ಎಂದು ಬಂಡೆಯ ತುದಿಯಿಂದ ಕೂಗುತ್ತಾನೆ. ಒಂಬತ್ತು ವರ್ಷದಲ್ಲಿ ಮೈಗೆ ಕಲಿತದ್ದು ಮರೆತಿರಲಿಲ್ಲ, ಉಸಿರು ಮರೆತಿತ್ತು. ನಾಲ್ಕನೆ ತುಂಡಿಗೆ ಬರುವ ಹೊತ್ತಿಗೆ ತೋಳು ನಡುಗುತ್ತದೆ.

ಇಲ್ಲಿಯ ತನಕ ಆರೂ ತುಂಡು ಸೇರಿ ಅತಿ ಕಡಿಮೆ ದಂಡ ತಂಗಿಯದು, 7. ಮಿಕ್ಕ ಇಬ್ಬರದು ಹನ್ನೆರಡರ ಆಚೆ. ತಂಗಿ ಹಗುರ, ಅವಸರವಿಲ್ಲ, ಕಲ್ಲಿನ ಮುಂದೆ ಒಂದು ಗಳಿಗೆ ಕ್ಲಚ್ಚು ಹಿಡಿದು ಯೋಚನೆ ಮಾಡುತ್ತಾಳೆ. ಆ ಗಳಿಗೆ ಗಾಡಿ ನಿಂತಿದ್ದೋ ನಡೆಯುತ್ತಿದ್ದೋ ಎಂಬುದೇ ಈಗ ನಮ್ಮ ಜಗಳ. ಹಾಜರಿ ಪುಸ್ತಕದ ಹುಡುಗ ನಡೆಯುತ್ತಿತ್ತು ಅನ್ನುತ್ತಾನೆ, ಅವನ ತೀರ್ಪೇ ಕೊನೆ. ಅವ್ವ ಮೊದಮೊದಲು ಹೆಣ್ಣುಮಗು ಬಿದ್ದು ಕೈಕಾಲು ಮುರಿದರೆ ಯಾರು ಮಾಡಿಕೊಳ್ಳುತ್ತಾರೆ ಎಂದು ಕೂಗಾಡುತ್ತಿದ್ದಳು. ಈಗ ನೀರಿನ ಬಿಂದಿಗೆ ಹಿಡಿದು ಎರಡನೆ ಮೆಟ್ಟಿಲಿನ ಹತ್ತಿರ ಕೂರುತ್ತಾಳೆ. ಕೂಗಾಟ ನಿಂತಿಲ್ಲ, ‘ಮುಂದುಕ್ ಬಗ್ಗು, ಬಗ್ಗು’ ಎಂದಾಗಿದೆ.

ಆರನೆ ತುಂಡು, ಗೋಡೆಯ ಪಕ್ಕದ ತಿರುವು, ಇನ್ನೂ ಯಾರಿಗೂ ಒಲಿದಿಲ್ಲ. ಮೊದಲ ಗೇರೂ ಅಲ್ಲಿ ಜಾಸ್ತಿಯೇ ಆಗುತ್ತದೆ. ಮುಂದಿನ ಸ್ಪ್ರಾಕೆಟ್ಟು ಎರಡು ಹಲ್ಲು ಕಡಿಮೆ ಇರುವುದು ಬೇಕು. ಭಾಯ್ ಒಂದು ಹುಡುಕಿಟ್ಟಿದ್ದಾರಂತೆ, ಮಜೂರಿ ಬಾಕಿಯನ್ನೂ ತಗೊಂಡು ಬನ್ನಿ ಎಂದು ಫೋನು ಮಾಡಿದ್ದರು. ಶನಿವಾರ ಸಂಬಳ ಆದರೆ ಹೋಗಿ ತರುತ್ತೇವೆ.